ಪಿಸುಮಾತಿನ ಜಗಳ

ನನ್ನದು ಹುಟ್ಟಿನಿಂದಲೇ ದೊಡ್ಡ ಗಂಟಲು. ಸೋಗಾನೆಯ ತವರಿನಲ್ಲಿ ಗದ್ದೆಗೆ ಹಕ್ಕಿ ಬಿದ್ದರೆ ಬೇರೆಯವರು ಡಬ್ಬ ಬಡಿಯುತ್ತಾ ಹೋಗುತ್ತಿದ್ದರು, ನನ್ನನ್ನು ಬರಿಗೈಯಲ್ಲಿ ಕಳಿಸುತ್ತಿದ್ದರು. ಬದುವಿನ ಮೇಲೆ ನಿಂತು ಒಂದು ಸಲ ‘ಹೋ’ ಎಂದರೆ ಪಕ್ಕದವರ ಗದ್ದೆಯ ಹಕ್ಕಿಗಳೂ ಎದ್ದು ಹಾರುತ್ತಿದ್ದವು. ‘ಇವಳನ್ನ ಮಾಡ್ಕೊಳ್ಳೋನ ಕಿವಿ ದೇವ್ರೇ ಕಾಪಾಡ್ಬೇಕು’ ಎಂದು ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು.

ಮಾಡಿಕೊಂಡವರು ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಲ್ಲಿದ್ದರು. ತೊಂಬತ್ತರ ದಶಕದ ಮೊದಲಿಗೆ ನ್ಯೂ ಟೌನಿನ ಕ್ವಾರ್ಟರ್ಸಿಗೆ ಬಂದೆ ನೋಡಿ, ಗಂಟಲಿಗೆ ಬೀಗ ಬಿತ್ತು. ಗೋಡೆಗೆ ಗೋಡೆ ಅಂಟಿದ ಮನೆಗಳು. ಯಾವ ಹೊತ್ತಿನಲ್ಲಿ ನೋಡಿದರೂ ನೈಟ್ ಶಿಫ್ಟ್ ಮುಗಿಸಿ ಬಂದ ಗಂಡಸೊಬ್ಬ ಯಾವುದೋ ಮನೆಯಲ್ಲಿ ಮಲಗಿರುತ್ತಿದ್ದ. ಬಾಗಿಲ ಹೊರಗೆ ಕೆಲಸದ ಬೂಟು ಬಿಟ್ಟಿದ್ದರೆ ಒಳಗೆ ನಿದ್ದೆ ನಡೆದಿದೆ ಎಂದು ಅರ್ಥ. ಬೂಟು ಕಂಡರೆ ಸೊಪ್ಪಿನವಳೂ ಕೂಗುತ್ತಿರಲಿಲ್ಲ, ಗೇಟನ್ನು ಮೆಲ್ಲಗೆ ತಟ್ಟುತ್ತಿದ್ದಳು. ನಾನಂತೂ ಹಗಲಲ್ಲಿ ಕುಕ್ಕರನ್ನೇ ಇಡುತ್ತಿರಲಿಲ್ಲ. ವಿಷಲ್ ಹೊಡೆದು ಅವರಿಗೆ ಎಚ್ಚರವಾದರೆ ಎಂದು ಪಾತ್ರೆಯಲ್ಲಿ ಅನ್ನ ಮಾಡಿ ಗಂಜಿ ಬಸಿಯುತ್ತಿದ್ದೆ. ಅವರು ಎಂದೂ ಸುಮ್ಮನಿರು ಎಂದವರಲ್ಲ. ಬೀದಿಯ ಹೆಂಗಸರೆಲ್ಲ ಹೀಗಿದ್ದರು, ನಾನೂ ಹಾಗೇ ಆದೆ. ವರ್ಷಗಳು ಕಳೆದ ಮೇಲೆ ಒಮ್ಮೆ ತವರಿಗೆ ಹೋದಾಗ ಅಮ್ಮ, ‘ಏನೇ, ಗಂಟಲು ಕಟ್ಟಿದೆಯಾ?’ ಎಂದು ಕೇಳಿದಳು. ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ.

ನಮ್ಮ ಕಾಲೊನಿಯಲ್ಲಿ ರಾಜ್ಯೋತ್ಸವಕ್ಕೆ ನಾಟಕ ಆಗುತ್ತಿತ್ತು. ಬರೆಯುವವರು, ಬಣ್ಣ ಹಚ್ಚುವವರು, ಸ್ಟೇಜು ಕಟ್ಟುವವರು ಎಲ್ಲ ನಮ್ಮವರೇ. ಆದರೆ ಆಡುವವರು ಮಾತ್ರ ಗಂಡಸರು. ಹೆಣ್ಣು ಪಾತ್ರಕ್ಕೂ ಸೀರೆ ಉಟ್ಟ ಗಂಡಸೇ ಬರುತ್ತಿದ್ದ, ಅದೂ ನಮ್ಮಿಂದ ಕಡ ತೆಗೆದುಕೊಂಡ ಸೀರೆ! ಒಂದು ವರ್ಷ ನನಗೆ ತಡೆಯಲಾಗಲಿಲ್ಲ. ಸೀರೆ ಕೇಳಲು ಬಂದ ರಾಜ್ಯೋತ್ಸವ ಕಮಿಟಿಯ ಸೆಕ್ರೆಟರಿಗೆ, ‘ಸೀರೆ ಕೊಡಲ್ಲ, ಉಟ್ಕೊಂಡು ನಾವೇ ಬರ್ತೀವಿ’ ಎಂದುಬಿಟ್ಟೆ. ಅದನ್ನೂ ಪಿಸುದನಿಯಲ್ಲೇ ಹೇಳಿದೆ. ಪಕ್ಕದ ಮನೆಯ ಬಾಗಿಲಲ್ಲಿ ಬೂಟು ಇತ್ತು.

ಕಮಿಟಿಯವರು ಗುಸುಗುಸು ಮಾಡಿ ಒಪ್ಪಿದರು. ಸೆಕ್ರೆಟರಿ ಬಂದು, ‘ಒಂದು ಸಲ ನೋಡೋಣಮ್ಮ. ಜನ ಎದ್ದು ಹೋದ್ರೆ ಮಾತ್ರ ಮುಂದಿನ ವರ್ಷದಿಂದ ರಂಗೋಲಿ ಸ್ಪರ್ಧೆಗೇ ತೃಪ್ತಿ ಪಟ್ಕೋಬೇಕು’ ಎಂದರು. ಮೈಯೆಲ್ಲ ಉರಿಯಿತು. ಗೆದ್ದರೆ ನನಗೊಂದು ಸ್ಟೇಜು, ಸೋತರೆ ಜೀವನಪೂರ್ತಿ ರಂಗೋಲಿ ಪುಡಿ.

ನಮ್ಮ ಬೀದಿಯ ಟೀಚರಮ್ಮ ನಾಟಕ ಬರೆದರು. ಬೇರೇನೂ ಅಲ್ಲ, ನಮ್ಮ ಬೀದಿ ನಲ್ಲಿಯ ಜಗಳವೇ. ನಾನು ನಲ್ಲಿ ಬಿಟ್ಟು ಕದಲದ ಬಾಯಿಬಡುಕಿ, ಎದುರು ಮನೆಯ ತಮಿಳು ಅಕ್ಕ ನನ್ನ ಎದುರಾಳಿ. ಅಕ್ಕ ಸಿಟ್ಟು ಬಂದಾಗ ತಮಿಳಿನಲ್ಲೇ ಬೈಯಬೇಕೆಂದು ಟೀಚರಮ್ಮ ಬರೆದಿದ್ದರು. ‘ಅಯ್ಯೋ, ಇದಕ್ಕೆ ಪ್ರಾಕ್ಟೀಸ್ ಬೇರೆ ಬೇಕಾಮ್ಮಾ?’ ಎಂದು ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ನಮ್ಮದು ಕೊನೆಯ ಮನೆ, ವರಾಂಡ ದೊಡ್ಡದು. ಅಲ್ಲೇ ಪ್ರಾಕ್ಟೀಸು. ಆ ತಿಂಗಳು ನಮ್ಮವರಿಗೆ ಹೆಚ್ಚು ಕಡಿಮೆ ನೈಟ್ ಶಿಫ್ಟೇ ಬಿದ್ದಿತ್ತು. ವರಾಂಡದ ಕಿಟಕಿಯ ಆಚೆಗೆ ಅವರ ಮಂಚ. ಹಾಗಾಗಿ ನಾವು ಇಡೀ ಜಗಳವನ್ನು ಪಿಸುಮಾತಿನಲ್ಲೇ ಆಡಿದೆವು. ಕೈ ಬೀಸುವುದು, ಕಣ್ಣು ಕೆಕ್ಕರಿಸುವುದು, ಕೊಡ ಎತ್ತಿ ಕುಕ್ಕುವುದು ಎಲ್ಲ ಭರ್ಜರಿ. ದನಿ ಮಾತ್ರ ಇಲ್ಲ. ಕೊಡ ಸದ್ದು ಮಾಡದಿರಲೆಂದು ಕೆಳಗೆ ಗೋಣಿಚೀಲ ಹಾಸಿಕೊಂಡಿದ್ದೆವು! ದಿನಾ ಹಾಗೇ ಆಡಿ ಆಡಿ ಅದೇ ಸರಿ ಅನ್ನಿಸಿಬಿಟ್ಟಿತ್ತು. ಟೀಚರಮ್ಮನಿಗೂ ಹೊಳೆಯಲಿಲ್ಲವಲ್ಲ, ಮಾರಾಯ್ರೇ.

ರಾಜ್ಯೋತ್ಸವದ ಸಂಜೆ ಮೈದಾನ ತುಂಬಿತ್ತು. ಹೆಂಗಸರ ನಾಟಕ ಹೇಗಿರುತ್ತೆ ನೋಡೋಣ ಎಂದು ಪಕ್ಕದ ಬೀದಿಗಳವರೂ ಬಂದಿದ್ದರು. ನಮ್ಮವರು ಶಿಫ್ಟ್ ಬದಲಾಯಿಸಿಕೊಂಡು ಬಂದು ಮುಂದಿನ ಸಾಲಿನ ಕೊನೆಯಲ್ಲಿ ಕೂತಿದ್ದರು. ಪರದೆ ಸರಿಯಿತು. ನಾನು ನಲ್ಲಿಯ ಮುಂದೆ ಕೊಡ ಕುಕ್ಕಿ, ಸೊಂಟಕ್ಕೆ ಕೈಯಿಟ್ಟು ಬಾಯಿ ತೆರೆದೆ. ಬಂದದ್ದು ಪಿಸುಮಾತು.

ಅಕ್ಕನೂ ಪಿಸುಗುಟ್ಟಿದಳು. ಹಿಂದಿನಿಂದ ‘ಸೌಂಡ್! ಸೌಂಡ್!’ ಎಂದು ಕೂಗು ಬಂತು. ಮೈಕ್ ಸೆಟ್ಟಿನವನು ಏನೋ ತಿರುಗಿಸಿದ, ಮೈಕು ಕೀಂಯ್ ಎಂದಿತು. ಜನ ನಕ್ಕರು. ಜೋರಾಗಿ ಹೇಳಲು ನೋಡುತ್ತೇನೆ, ಗಂಟಲು ಏಳುತ್ತಲೇ ಇಲ್ಲ. ನನ್ನದೇ ಗಂಟಲು, ನನ್ನ ಮಾತು ಕೇಳುತ್ತಿಲ್ಲ! ಹಿಂದೆ ಒಂದಿಬ್ಬರು ಚಾಪೆ ಕೊಡವಿ ಎದ್ದರು. ಸೆಕ್ರೆಟರಿ ಪರದೆ ಎಳೆಯುವವನ ಕಡೆಗೆ ನಡೆದು ಹೋಗುವುದು ಕಂಡಿತು. ಆ ಗಾಬರಿಗೆ ಮುಂದಿನ ಮಾತೂ ಮರೆತು ಹೋಯಿತು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ದನಿ ಗುಡುಗಿತು.

‘ಈ ಕೊಡ ಕದಲಲ್ಲ! ಯಾರು ಬರ್ತೀರೋ ಬನ್ನಿ!’

ನನ್ನ ಮಾತು. ಹೇಳಿದ್ದು ನನ್ನ ಗಂಡ. ಎದ್ದು ನಿಂತಿದ್ದರು. ಮೈದಾನವೆಲ್ಲ ಹೋ ಎಂದು ನಗತೊಡಗಿತು. ನನಗೆ ನಾಚಿಕೆಗಿಂತ ಸಿಟ್ಟು ಬಂತು. ಇಷ್ಟು ಜನರ ಮುಂದೆ ಮರ್ಯಾದೆ ತೆಗೆಯುತ್ತಾರಲ್ಲ ಎಂದು ನೆತ್ತಿಗೇರಿದ ಸಿಟ್ಟು.

‘ಗೊತ್ತು ಸುಮ್ನಿರ್ರೀ!’ ಎಂದು ಕಿರುಚಿದೆ.

ಅದು ಬದುವಿನ ಮೇಲಿನ ದನಿ. ಮೈಕಿನ ಹಂಗಿಲ್ಲದೆ ಮೈದಾನದ ಆಚೆ ತುದಿ ಮುಟ್ಟಿತು. ಎದ್ದವರು ಅಲ್ಲೇ ನಿಂತರು. ನಾನು ಕೊಡ ಎತ್ತಿ ಕುಕ್ಕಿ, ‘ಈ ಕೊಡ ಕದಲಲ್ಲ!’ ಎಂದೆ. ತಮಿಳು ಅಕ್ಕ ಸೆರಗು ಬಿಗಿದು ಶುರು ಹಚ್ಚಿಕೊಂಡಳು ನೋಡಿ, ಬರೆದದ್ದನ್ನೂ ಬೈದಳು, ಬರೆಯದ್ದನ್ನೂ ಬೈದಳು. ಪರದೆ ಎಳೆಸಲು ಹೋದ ಸೆಕ್ರೆಟರಿ ಅಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮರುದಿನ ಕಾಫಿ ಕೊಡುತ್ತಾ ಕೇಳಿದೆ. ‘ಅಲ್ರೀ, ನನ್ನ ಡೈಲಾಗು ನಿಮಗೆ ಹೆಂಗೆ ಗೊತ್ತು?’

‘ತಿಂಗಳಿಡೀ ಕೇಳಿದೀನಲ್ಲೇ. ಎಲ್ಲರ ಮಾತೂ ಬಾಯಿಪಾಠ ಆಗಿದೆ. ಅಕ್ಕನ ತಮಿಳೂ ಬರುತ್ತೆ, ಹೇಳ್ಲಾ?’

‘ನೀವು ಮಲಗಿರ್ತಿದ್ರಲ್ಲ!’

‘ನಿದ್ದೆ ಎಲ್ಲಿ ಬರುತ್ತೆ ಮಾರಾಯ್ತಿ? ರಾತ್ರಿಯಿಡೀ ಕಾರ್ಖಾನೆಯ ಆ ಗದ್ದಲದಲ್ಲಿದ್ದು ಬಂದು ಮಲಗಿದ್ರೆ ಇಲ್ಲಿ ಉಸಿರು ಬಿಟ್ರೂ ಕೇಳುತ್ತೆ. ಅದರ ಮೇಲೆ ನಿಮ್ಮ ಪಿಸಪಿಸ. ಸದ್ದಿದ್ರೇನೇ ಕಣೇ ನನಗೆ ನಿದ್ದೆ.’

ನಾನು ಅಲ್ಲೇ ಕೂತುಬಿಟ್ಟೆ. ಕುಕ್ಕರ್ ಇಡದ ಅಡುಗೆ, ತುದಿಗಾಲಿನ ನಡಿಗೆ ಎಲ್ಲ ನೆನಪಾಯಿತು. ‘ಇಷ್ಟು ವರ್ಷ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?’ ಎಂದು ಜೋರು ಮಾಡಿದೆ.

ಅವರು ಲೋಟ ನೋಡುತ್ತಾ ಹೇಳಿದರು. ‘ನನಗೋಸ್ಕರ ಅಷ್ಟು ಕಷ್ಟಪಟ್ಟು ಸದ್ದು ಮಾಡ್ದೆ ಇರ್ತಿದ್ದೆ. ಬೇಡ ಅಂತ ಹೆಂಗೆ ಹೇಳೋದು?’

ಆ ಮಧ್ಯಾಹ್ನ ಕುಕ್ಕರ್ ಇಟ್ಟೆ. ವಿಷಲ್ ಮೇಲೆ ವಿಷಲ್ ಹೊಡೆಯಿತು, ಮಂಚದ ಕಡೆಯಿಂದ ಗೊರಕೆ ಕೇಳಿಸಿತು. ಬೇರೆ ಗಂಡಸರಿಗೆ ಸದ್ದು ಆಗದಿರಬಹುದು ಎಂದು ಮುಂದಿನ ವರ್ಷ ಟೀಚರಮ್ಮ ಮನೆ ಮನೆಗೆ ಹೋಗಿ ಕೇಳಿದರು. ಸದ್ದು ಆಗಲ್ಲ ಎಂದವರ ಮನೆಯ ಹತ್ತಿರ ಮೆಲ್ಲಗೆ ಮಾತಾಡುತ್ತಿದ್ದೆವು, ಪ್ರಾಕ್ಟೀಸು ಮಾತ್ರ ನಮ್ಮ ವರಾಂಡದಲ್ಲಿ ಗಂಟಲು ಹರಿಯುವಷ್ಟು. ರಂಗೋಲಿಯ ಮಾತನ್ನು ಸೆಕ್ರೆಟರಿ ಮತ್ತೆ ಎತ್ತಲಿಲ್ಲ. ಬೀದಿ ನಲ್ಲಿಯಲ್ಲಿ ನಿಜವಾದ ಜಗಳ ಎದ್ದರೂ ಯಾರಾದರೊಬ್ಬರು ‘ಈ ಕೊಡ ಕದಲಲ್ಲ’ ಎನ್ನುತ್ತಿದ್ದರು, ನಗು ಬಂದು ಜಗಳ ಅಲ್ಲಿಗೇ ಮುರಿಯುತ್ತಿತ್ತು. ಅಕ್ಕನ ಬೈಗುಳ ಕಲಿತ ನಮ್ಮ ಮಕ್ಕಳು ಮಾತ್ರ ಶಾಲೆಯಲ್ಲಿ ಏಟು ತಿಂದರು.

ಅವರು ರಿಟೈರ್ ಆದ ಮೇಲೆ ಶಿವಮೊಗ್ಗಕ್ಕೆ ಬಂದು ಆಲ್ಕೊಳದ ಹತ್ತಿರ ಮನೆ ಮಾಡಿದೆವು. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಮನೆ ತಣ್ಣಗಿರುತ್ತದೆ. ಊಟವಾಗಿ ಮಲಗಿದವರು ಒಂದು ದಿನ ಮಗ್ಗುಲು ಬದಲಿಸಿ ಬದಲಿಸಿ ಕೊನೆಗೆ ಕರೆದರು. ‘ಲೇ, ಹಂಗೆ ಸುಮ್ನೆ ಕೂತ್ರೆ ನಿದ್ದೆ ಹೆಂಗೆ ಬರುತ್ತೆ? ಏನಾದ್ರೂ ಜಗಳ ಆಡೇ.’

ನಾನು ಅಡುಗೆಮನೆಯಿಂದ ಹಳೆಯ ಕೊಡ ತಂದು ಅವರ ತಲೆದೆಸೆಯಲ್ಲಿ ಠಣ್ ಎಂದು ಕುಕ್ಕಿದೆ. ನನ್ನ ಮಾತು, ಅಕ್ಕನ ಮಾತು ಎರಡನ್ನೂ ನಾನೇ ಕೂಗಿ ಹೇಳತೊಡಗಿದೆ. ಅಕ್ಕ ತಮಿಳಿಗೆ ಇಳಿಯುವ ಹೊತ್ತಿಗೆ ಅವರಿಗೆ ನಿದ್ದೆ ಹತ್ತಿತ್ತು. ನಿಲ್ಲಿಸಿದರೆ ಎಚ್ಚರವಾದೀತೆಂದು ನಾನು ಕೂಗುತ್ತಲೇ ಇದ್ದೆ.