ಸಂಬಳದ ಆರ್ಡರಿಗೆ ಹಂಚಿದ ಸಕ್ಕರೆ

ಮಧುಗಿರಿಯ ಕಾಲೇಜಿನಲ್ಲಿ ಗಂಟೆ ಹೊಡೆಯುತ್ತಿದ್ದ ಜವಾನ ಕದಿರಯ್ಯ ಹೆಂಡತಿ ಮಕ್ಕಳ ಜೊತೆ ಒಂದು ಸೂರಿನಡಿ ಬಾಳಿದವನೇ ಅಲ್ಲ. ಹೆಂಡತಿ ಚಿಕ್ಕಹನುಮಕ್ಕ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಶಿರಾ ಕಡೆಯ ಮದಲೂರಿನಲ್ಲಿದ್ದಳು. ಇವನು ಕಾಲೇಜಿನ ಉಗ್ರಾಣದಲ್ಲಿ, ಮುರಿದ ಬೆಂಚುಗಳ ನಡುವೆ ಚಾಪೆ ಹಾಸಿಕೊಳ್ಳುತ್ತಿದ್ದ. ಬರುವ ಸಂಬಳ ಹೊಟ್ಟೆಗೇ ಸಾಲದು, ಇನ್ನು ಬಾಡಿಗೆ ಮನೆ ಎಲ್ಲಿಯದು.

ಚೀನಾ ಯುದ್ಧದ ಮರುವರ್ಷ ವಿಶ್ವವಿದ್ಯಾನಿಲಯದವರು ಎಲ್ಲರ ಸಂಬಳ ಏರಿಸುತ್ತಾರೆಂದು ಸುದ್ದಿ ಹಬ್ಬಿತು. ಕದಿರಯ್ಯ ಕೋಟೆ ಬೀದಿಯ ಅಶ್ವತ್ಥಮ್ಮನ ಹಿತ್ತಿಲ ಕೋಣೆಯನ್ನು ಬಾಡಿಗೆಗೆ ನೋಡಿ ಬಂದ. ಸೋಮವಾರ ಸಂಜೆ ಹೆಡ್ ಗುಮಾಸ್ತ ಜಹೀರ್ ಅಹಮದ್ ಸಾಹೇಬರು ಲಕೋಟೆ ಒಡೆದು, ಕನ್ನಡಕ ತೆಗೆದಿಟ್ಟು, "ಸಂಬಳದ ಆರ್ಡರ್ ಬಂತು ಕಣಪ್ಪ. ನಾಳೆ ಎಲ್ಲರ ಹತ್ರ ಸೈನ್ ಹಾಕಿಸು" ಅಂದರು. ಅಷ್ಟೇ ಸಾಕಾಯಿತು ಇವನಿಗೆ. ಬಸ್ ಸ್ಟ್ಯಾಂಡಿಗೆ ಓಡಿ, ಶಿರಾ ಬಸ್ಸಿನ ಕಂಡಕ್ಟರ್ ಲಕ್ಷ್ಮಯ್ಯನ ಕೈಲಿ, ಪಾತ್ರೆ ಪಡಗ ಕಟ್ಟಿಕೊಂಡು ನಾಳೆಯೇ ಬಂದುಬಿಡು ಅಂತ ಹೆಂಡತಿಗೆ ಹೇಳಿ ಕಳಿಸಿದ.

ಆ ಕಾಲೇಜಿನಲ್ಲಿ ಒಂದು ರೂಢಿಯಿತ್ತು. ಸಂಬಳ ಏರಿದ ಆರ್ಡರನ್ನು ಹೊತ್ತು ತಿರುಗುವ ಜವಾನ ಕೋಣೆ ಕೋಣೆಗೂ ಸಕ್ಕರೆ ಹಂಚಬೇಕು. ಮೊದಲಿದ್ದ ಪೆದ್ದಣ್ಣ ಹಾಗೆ ಹಂಚಿದ್ದನ್ನು ಕದಿರಯ್ಯ ಕಣ್ಣಾರೆ ನೋಡಿದ್ದ. ಬೆಳಗ್ಗೆದ್ದು ಸ್ನಾನ ಮಾಡಿದ, ತಟ್ಟೆ ತುಂಬ ಸಕ್ಕರೆ ಸುರಿದುಕೊಂಡ. ಆರ್ಡರ್ ಇಂಗ್ಲಿಷಿನಲ್ಲಿತ್ತು, ಇವನಿಗೆ ಬರುತ್ತಿದ್ದುದು ಕನ್ನಡ ಮಾತ್ರ. ಒಳ್ಳೆಯ ಕೆಲಸಕ್ಕೆ ತಡವೇಕೆ ಅಂತ ಮೊದಲ ಸೈನ್ ತಾನೇ ಹಾಕಿದ.

ಜಹೀರ್ ಸಾಹೇಬರು ತಲೆಯೆತ್ತದೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಪ್ರಿನ್ಸಿಪಾಲರು ಓದಿದರು, ಸೈನ್ ಹಾಕಿದರು, ಸಕ್ಕರೆ ತಿಂದರು. ಲೆಕ್ಕದ ಮೇಷ್ಟ್ರು ತಿಂದು ಕಿಟಕಿ ಕಡೆ ತಿರುಗಿಕೊಂಡರು. ಅಷ್ಟು ಓದಿದವರ ಬಾಯಿಗೆ ಏನು ಬಂದಿತ್ತೋ ಕಾಣೆ, ಒಬ್ಬರೂ ತುಟಿ ಬಿಚ್ಚಲಿಲ್ಲ.

ಕೊನೆಯ ಕೋಣೆಯಲ್ಲಿ ಕನ್ನಡ ಪಾಠದ ನಾಗರತ್ನಮ್ಮನವರು ಮಾತ್ರ ತಟ್ಟೆಗೆ ಕೈಹಾಕಲಿಲ್ಲ.

"ಯಾಕಪ್ಪ ಸಕ್ಕರೆ?"

"ಸಂಬ್ಳ ಜಾಸ್ತಿ ಆಯ್ತಲ್ಲಮ್ಮಾ."

"ಆಗಿಲ್ಲ ಕದಿರಯ್ಯ. ಯಾರ ಸಂಬಳವನ್ನೂ ಏರಿಸಬಾರದು ಅಂತ ಸರ್ಕಾರ ತಡೆ ಹಾಕಿದೆ. ವಿಶ್ವವಿದ್ಯಾನಿಲಯ ತಲೆಬಾಗಿ ಒಪ್ಪಿಕೊಂಡಿದೆ. ಒಪ್ಪಿದ್ದೇವೆ ಅಂತ ನಾವೆಲ್ಲ ಹಾಕಿರೋ ಸೈನ್ ಇದು."

ಕದಿರಯ್ಯ ಆರ್ಡರನ್ನು ತಿರುಗಿಸಿ ನೋಡಿದ. ಎಲ್ಲರ ಹೆಸರಿನ ಮೇಲೆ ತನ್ನದೇ ಹೆಸರು ದುಂಡಗೆ ಕೂತಿತ್ತು. ಹೇಗೋ ಆಫೀಸಿಗೆ ಬಂದು ನಿಂತ.

"ಯಾಕ್ ಸಾಹೇಬ್ರೆ ಒಂದ್ ಮಾತು ಹೇಳ್ಲಿಲ್ಲ?"

ಜಹೀರ್ ಸಾಹೇಬರು ಕನ್ನಡಕ ತೆಗೆದಿಟ್ಟರು. "ಸಕ್ಕರೆ ಹಿಡ್ಕೊಂಡು ನಗ್ತಾ ನಿಂತಿದ್ಯಲ್ಲೋ. ಹೆಂಗ್ ಹೇಳ್ಲಿ?"

ಸಂಜೆ ಬಸ್ಸಿಗೆ ಚಿಕ್ಕಹನುಮಕ್ಕ ಇಳಿದಳು, ಗಂಟುಮೂಟೆ, ಮಕ್ಕಳು, ಬುಟ್ಟಿಯೊಳಗೊಂದು ಕೋಳಿ ಸಮೇತ. ಹತ್ತು ವರ್ಷದಲ್ಲಿ ಅವಳ ಮುಖ ಹಾಗೆ ಅರಳಿದ್ದನ್ನು ಇವನು ಕಂಡಿರಲಿಲ್ಲ. ಹೇಳದೆ ವಿಧಿಯಿರಲಿಲ್ಲ, ಹೇಳಿದ. ನಾಳೆ ಬೆಳಗಿನ ಬಸ್ಸಿಗೆ ವಾಪಸ್ ಹೋಗಿಬಿಡು ಅಂದ.

ಅವಳು ಮೂಟೆಯ ಮೇಲೆ ಕುಕ್ಕರಿಸಿದಳು. "ಕೇರಿಗೆಲ್ಲ ಸಕ್ರೆ ಹಂಚ್ಬುಟ್ಟೆ. ಇನ್ನಿಲ್ಲಿ ಬೇಯಿಸಾಕಿಲ್ಲ ಅಂತ ಒಲೆ ಒಡ್ದಾಕ್ಬುಟ್ಟೆ. ಯಾವ ಮಕ ಒತ್ಕಂಡ್ ಹೋಗ್ಲಿ?"

ಚಿಕ್ಕ ಮಗಳು ಅಪ್ಪನ ಬೆರಳಿಗಂಟಿದ್ದ ಸಕ್ಕರೆಯನ್ನು ನೋಡುತ್ತಿದ್ದಳು. ಕದಿರಯ್ಯ ದೊಡ್ಡ ಮೂಟೆಯನ್ನು ತಲೆಗೇರಿಸಿಕೊಂಡು ಕಾಲೇಜಿನ ಕಡೆ ನಡೆದ.

ಉಗ್ರಾಣದಲ್ಲಿ ಸಂಸಾರ ಇರಕೂಡದು, ಅದು ಕಟ್ಟುನಿಟ್ಟಾದ ನಿಯಮ. ಮಾರನೆಯ ಬೆಳಗ್ಗೆ ಉಗ್ರಾಣದ ಹಿಂದೆ ಮೂರು ಕಲ್ಲಿನ ಒಲೆಯಿಂದ ಹೊಗೆ ಏಳುತ್ತಿತ್ತು. ಪ್ರಿನ್ಸಿಪಾಲರು ಬಂದರು. ಕದಿರಯ್ಯ ಗಂಟೆಯ ಹಗ್ಗ ಹಿಡಿದು ನಿಂತಿದ್ದ. ಅವರು ಹೊಗೆ ನೋಡಿದರು, ಕೋಳಿ ನೋಡಿದರು, ಒಳಗೆ ಹೋದರು. ಲೆಕ್ಕದ ಮೇಷ್ಟ್ರು ಬಂದವರು ನೋಡಿ ಒಳಗೆ ಹೋದರು. ಜಹೀರ್ ಸಾಹೇಬರೂ ಹೋದರು.

ಅವನು ನಿವೃತ್ತನಾಗುವವರೆಗೂ ಆ ಒಲೆ ಅಲ್ಲೇ ಉರಿಯಿತು. ಕಾಲೇಜಿನವರು ಒಬ್ಬರೂ ಒಂದು ಮಾತು ಆಡಲಿಲ್ಲ.