ಸಂಧ್ಯಾ ಬರೆದ ಸ್ಕ್ರಿಪ್ಟ್

ಗುಬ್ಬಿಯ ಸಂಧ್ಯಾ ಕ್ಯಾತ್ಸಂದ್ರದ ನಮ್ಮ ಸಣ್ಣ ಕಂಪನಿಗೆ ಆರು ವರ್ಷ ದಿನಾ ರೈಲಿನಲ್ಲಿ ಬಂದು ಹೋದವಳು. ಕೊಬ್ಬರಿ ಮಂಡಿಗಳಿಗೆ ತೂಕ ಬರೆದಿಡುವ ಸಾಫ್ಟ್‌ವೇರ್ ನಮ್ಮದು. ನಮ್ಮದು ಅನ್ನುವುದು ಬಾಯಿಮಾತು. ಮುಕ್ಕಾಲು ಪಾಲು ಬರೆದವಳು ಅವಳೇ. ಕೋಡ್ ಬರೆಯುವಾಗಲೂ ಊರಿನ ಮಾತು ಬಿಟ್ಟವಳಲ್ಲ. ತಪ್ಪು ತೂಕವನ್ನು ಕೈಬಿಡುವ ಕಡೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಬುಡು’ ಎಂದು ಹೆಸರಿಡುತ್ತಿದ್ದಳು, ಕಾಯಬೇಕಾದ ಕಡೆ ‘ತಡಿ’. ನಾವು ನಗುತ್ತಿದ್ದೆವು. ಆದರೆ ಆ ಪದ ಕಂಡರೆ ಬರೆದವರು ಯಾರೆಂದು ಕೇಳಬೇಕಾಗಿರಲಿಲ್ಲ.

ಹೋದ ವರ್ಷ ಬೆಂಗಳೂರಿನ ದೊಡ್ಡ ಕಂಪನಿಯೊಂದು ಈ ಸಾಫ್ಟ್‌ವೇರನ್ನು ಕೊಳ್ಳಲು ಮುಂದಾಯಿತು. ಇದನ್ನು ಬರೆದವರನ್ನೇ ಇಲ್ಲಿನ ಮುಖ್ಯಸ್ಥರನ್ನಾಗಿ ಮಾಡುತ್ತೇವೆ ಎಂದರು. ಸಂಧ್ಯಾಗೆ ಆ ಕೆಲಸ ಬೇಕಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿದ್ದು ಜಯಪ್ರಕಾಶನಿಗೆ. ಅವನು ಅಮೃತೂರಿನವನು, ನಮ್ಮ ಕಂಪನಿ ನಡೆಸುವವನು, ಅವಳು ಬಾಯ್ತುಂಬ ಅಣ್ಣ ಎನ್ನುತ್ತಿದ್ದವನು.

“ನಿನ್ ಪದ ಯಾವ್ಯಾವ ಫೈಲ್‌ನಲ್ಲಿ ಅವೆ ಅಂತ ಹುಡುಕೋ ಸ್ಕ್ರಿಪ್ಟ್ ಒಂದ್ ಬರ್ಕೊಡಮ್ಮ,” ಎಂದ. “ಹುಡುಕೋ ಪದಗಳ್ ಜೊತೆ ನಿನ್ ಹೆಸ್ರೂ ಸೇರ್ಸು. ಬಂದೋರ್ಗೆ ತೋರ್ಸೋಣ.”

“ಆಯ್ತಣ್ಣ, ಮಧ್ಯಾಹ್ನದೊಳಗೆ ಕೊಡ್ತೀನಿ,” ಎಂದಳು.

ಕೊಟ್ಟಳು ಕೂಡ. ಆ ಪುಟ್ಟ ಪ್ರೋಗ್ರಾಂ ಓಡಿಸಿದರೆ ಫೈಲಿನ ಹೆಸರು, ಸಾಲಿನ ನಂಬರು ಸಮೇತ ಸಾವಿರದ ನಾನೂರು ಕಡೆಯ ಪಟ್ಟಿ ಸಿಕ್ಕಿತು. ಮರುದಿನ ಖುಷಿಗೆ ನಮಗೆಲ್ಲ ಕಜ್ಜಾಯ ತಂದಿದ್ದಳು. ಜಯಪ್ರಕಾಶ ಎರಡು ಹೆಚ್ಚಿಗೆ ತಿಂದ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ವಾರ ಕಳೆದು ಬೆಂಗಳೂರಿನಿಂದ ಅಪರ್ಣ ಎಂಬುವವರು ಬಂದರು. ಬರೆದವರು ಯಾರು ಎಂದು ಕೇಳಿದರು. ಸಂಧ್ಯಾ ಎದ್ದು ನಿಂತು, “ನಾನು ಮೇಡಂ,” ಎಂದಳು. ಅವರು ಫೈಲ್ ತೆರೆದರು. ಮೊದಲ ಸಾಲಿನಲ್ಲಿ, ಬರೆದವರ ಹೆಸರಿರುವ ಕಡೆ, ಜಯಪ್ರಕಾಶನ ಹೆಸರಿತ್ತು. ಇನ್ನೊಂದು ತೆರೆದರು, ಅಲ್ಲೂ ಅದೇ.

“ತಡೀರಿ ಮೇಡಂ, ತೋರಿಸ್ತೀನಿ,” ಎಂದು ಸಂಧ್ಯಾ ತನ್ನ ಸ್ಕ್ರಿಪ್ಟ್ ಓಡಿಸಿದಳು. ಬುಡು, ಸೊನ್ನೆ. ತಡಿ, ಸೊನ್ನೆ. ಸಂಧ್ಯಾ, ಸೊನ್ನೆ. ಅವಳೇ ಕೊಟ್ಟ ಪಟ್ಟಿ ಹಿಡಿದು ಅವನು ಒಂದೂ ಬಿಡದೆ ಅಳಿಸಿ ಬೇರೆ ಪದ ಹಾಕಿದ್ದ. ಹಳೆಯ ಪ್ರತಿಗಳೂ ಅವನ ಕೈಯಲ್ಲೇ ಇದ್ದವು. ಅವಳು ಅವನತ್ತ ತಿರುಗಿ, “ಅಣ್ಣ, ನೀವಾದ್ರೂ ಹೇಳಿ,” ಎಂದಳು. ಅವನು ಮೊಬೈಲು ನೋಡುತ್ತಿದ್ದ. ನಾನೂ ಬಾಯಿ ಬಿಡಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ.

ಅಪರ್ಣ ಅವರಿಗೆ ಮುಜುಗರವಾಗಿರಬೇಕು, ಮಾತು ಬದಲಿಸಲು ಪರದೆ ತೋರಿಸಿ, “ಈ ಸ್ಕ್ರಿಪ್ಟ್ ಚೆನ್ನಾಗಿದೆ, ಯಾರು ಬರೆದದ್ದು?” ಎಂದರು.

“ಅದು ನಮ್ ಸಂಧ್ಯಾನೇ ಬರ್ದಿದ್ದು ಮೇಡಂ,” ಎಂದ ಜಯಪ್ರಕಾಶ.