ನಡುಕೋಣೆಯ ಚಿಲಕ

ಚಾಮರಾಜಪೇಟೆಯ ಆ ಹಳೇ ಮನೆ ಕಟ್ಟಿಸಿದ ಪುಣ್ಯಾತ್ಮನನ್ನು ಕೈಲಾಸ್ ದಿನಾ ಮನಸ್ಸಿನಲ್ಲೇ ಬೈಯುತ್ತಿದ್ದ. ರೈಲುಬೋಗಿಯ ಹಾಗೆ ಒಂದರ ಹಿಂದೊಂದು ಕೋಣೆ. ಮುಂದೆ ಅಪ್ಪ, ಅಮ್ಮ, ನಡುವೆ ಕೈಲಾಸ್ ಮತ್ತು ಹೆಂಡತಿ ಶಿವರಂಜಿನಿ, ಹಿಂದೆ ಬಚ್ಚಲು. ಯಾರು ಬಚ್ಚಲಿಗೆ ಹೋಗಬೇಕಾದರೂ ಇವರ ಮಂಚದ ಪಕ್ಕದಲ್ಲೇ ದಾರಿ. ಹಾಗಾಗಿ ನಡುಕೋಣೆಯ ಬಾಗಿಲಿಗೆ ಚಿಲಕವೇ ಇರಲಿಲ್ಲ.

ನಗರ್ತಪೇಟೆಯ ತನ್ನ ಪಾತ್ರೆ ಅಂಗಡಿಯಲ್ಲಿ ಕೈಲಾಸ್ ಮಹಾ ತಾಳ್ಮೆಯ ಮನುಷ್ಯ. ಗಿರಾಕಿ ಅಟ್ಟದ ಕುಕ್ಕರುಗಳನ್ನೆಲ್ಲ ಇಳಿಸಹೇಳಿ ಒಂದೂ ಕೊಳ್ಳದೆ ಹೋದರೂ ಮುಖ ಸಿಂಡರಿಸುತ್ತಿರಲಿಲ್ಲ. ಹೆಂಡತಿಯ ಪಕ್ಕದಲ್ಲಿ ಮಾತ್ರ ಎಲ್ಲವೂ ಶುರುವಾಗುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಮದುವೆಯಾದಾಗಿನಿಂದ ಇದೇ ಪಾಡು. ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಯಲ್ಲಿ ‘ಸ್ನೇಹಿತನಿಗೆ’ ಎಂದು ಸುಳ್ಳು ಹೇಳಿ ಲೇಹ್ಯ ತಂದು ತಿಂದ. ಹೊಟ್ಟೆ ಕೆಟ್ಟಿತು, ಅಷ್ಟೇ. ಸಾಲದ್ದಕ್ಕೆ ಅಂಗಡಿಯವನು ಸಿಕ್ಕಲ್ಲೆಲ್ಲ, “ನಿಮ್ ಫ್ರೆಂಡ್ ಹೇಗಿದಾರೆ ಸಾರ್?” ಎಂದು ಕೂಗಿ ಕೇಳುತ್ತಿದ್ದ! ಶಿವರಂಜಿನಿ ಈಚೆಗೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಬೈದಿದ್ದರೂ ತಡೆದುಕೊಳ್ಳುತ್ತಿದ್ದ, ಆ ಬೆನ್ನನ್ನು ನೋಡುವುದು ಅವನಿಂದಾಗುತ್ತಿರಲಿಲ್ಲ.

ಕೊನೆಗೆ ಅವಳೇ ಅವನನ್ನು ಬಸವನಗುಡಿಯ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು.

“ತುಂಬಾ ಜನಕ್ಕೆ ಇರೋದೇ ಇದು,” ಎಂದರು ಡಾಕ್ಟರು. “ಇನ್ನು ತಡೆಯಕ್ಕಾಗಲ್ಲ ಅನ್ನಿಸೋಕ್ ಮುಂಚೆ ನಿಲ್ಲಿಸ್ಬಿಡಿ. ಉಸಿರು ಎಳ್ಕೊಳ್ಳಿ, ಸುಧಾರಿಸ್ಕೊಂಡು ಮುಂದುವರಿಸಿ. ಇಬ್ಬರೂ ಸೇರಿ ಅಭ್ಯಾಸ ಮಾಡಿ. ಮಾತ್ರೆ ಬೇಕಾದ್ರೆ ಆಮೇಲೆ ನೋಡೋಣ. ಅವಸರ ಬೇಡ.”

“ಅವಸರ ಮಾಡ್ದೆ ಹೇಗಿರೋದು ಮೇಡಂ?” ಕೈಲಾಸ್ ರೇಗಿದ. “ಅಮ್ಮ ಯಾವಾಗ ಬಚ್ಚಲಿಗೆ ಎದ್ದು ಬರ್ತಾರೋ ಅಂತ ಕಿವಿ ಎಲ್ಲಾ ಅಲ್ಲೇ ಇರುತ್ತೆ!”

“ಚಿಲಕ ಹಾಕ್ಕೊಳ್ಳಿ.”

“ಚಿಲಕ ಇಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಮೊದ್ಲು ಅದನ್ನ ಹಾಕ್ಸಿ.”

ಭಾನುವಾರ ಬೆಳಿಗ್ಗೆ ಕೈಲಾಸ್ ಚಿಲಕ ಹಿಡಿದು ಬಾಗಿಲ ಮುಂದೆ ನಿಂತಾಗ ಅಪ್ಪ ವೃಷಭೇಂದ್ರಪ್ಪ ಎದ್ದು ಬಂದರು.

“ಮನೆ ಒಳಗೆ ಚಿಲಕ ಯಾಕೋ? ನಾವೇನು ಕಳ್ಳರಾ?”

“ಕಳ್ಳ ನಾನಪ್ಪ!” ಕೈಲಾಸ್ ಕಿರುಚಿಯೇಬಿಟ್ಟ. “ಕಟ್ಕೊಂಡ ಹೆಂಡ್ತಿ ಹತ್ರ ಇಷ್ಟು ವರ್ಷ ಕಳ್ಳನ ಥರ ಇದೀನಿ. ಸಾಕಾಗೋಯ್ತು ನಂಗೆ!”

ಅಡಿಗೆಮನೆಯಲ್ಲಿ ಅಮ್ಮ ರೊಟ್ಟಿ ತಟ್ಟುವ ಸದ್ದು ನಿಂತಿತು. ವೃಷಭೇಂದ್ರಪ್ಪ ಮಗನ ಮುಖ ನೋಡಿದರು. ಪಂಚೆ ಎತ್ತಿ ಕಟ್ಟಿಕೊಂಡು ಹೊರಗೆ ಹೋಗಿ, ಮನೆಯ ಪಕ್ಕದ ಸಂದಿಯಲ್ಲಿ ತುಂಬಿದ್ದ ತುಕ್ಕು ಡಬ್ಬ, ಮುರುಕು ಕುರ್ಚಿಗಳನ್ನು ಎಳೆದು ಹಾಕತೊಡಗಿದರು. ಆ ಸಂದಿಯಿಂದಲೂ ಬಚ್ಚಲಿಗೆ ದಾರಿಯಿತ್ತು. ಮನೆಮಂದಿಗೆಲ್ಲ ಗೊತ್ತಿದ್ದದ್ದೇ, ಸಾಮಾನು ತೆಗೆಯುವವರು ಯಾರು ಎಂದು ಎಲ್ಲರೂ ಸುಮ್ಮನಿದ್ದರು.

ಕೈಲಾಸನ ಕೈಯಿಂದ ಸ್ಕ್ರೂ ಜಾರುತ್ತಿತ್ತು. ಶಿವರಂಜಿನಿ ಬಂದು ಚಿಲಕವನ್ನು ಬಾಗಿಲಿಗೆ ಒತ್ತಿ ಹಿಡಿದು ನಿಂತಳು. ಅವಳ ಮುಖ ಅವನ ಕಡೆಗಿತ್ತು.